ಹಿಂದಿರುಗಿ ನೋಡುವ ಹೆಜ್ಜೆ

ಸ್ಕಾರ್‌ನೆಸ್
16 ಜುಲೈ 1984

ಪ್ರೀತಿಯ ಬೆಥಿಯಾ,

ನಿನ್ನ ಕಾಗದ ಬಂದು ತಿಂಗಳಾಯಿತು. ಉತ್ತರ ಬರೆಯಲಿಲ್ಲವೆಂದು ಬೈದುಕೊಂಡಿರುತ್ತೀಯ, ಬೈದುಕೋ. ಜುಲೈ ಬಂತೆಂದರೆ ಶನಿವಾರಕ್ಕೊಂದು ಊರಲ್ಲಿ ಕ್ರೀಡಾಕೂಟ. ಒಂದು ಕಡೆ ಮರದ ದಿಮ್ಮಿ ಎಸೆಯುವ ಗಂಡಸರು, ಇನ್ನೊಂದು ಕಡೆ ಹಲಗೆಯ ವೇದಿಕೆ, ಅದರ ಮುಂದೆ ಪೆನ್ಸಿಲ್ ಹಿಡಿದು ಕೂತ ನಾನು. ತೀರ್ಪು ಕೊಡುವವಳಿಗೆ ಎಲ್ಲ ಊರಲ್ಲೂ ಒಳ್ಳೆಯ ಚಹಾ, ಕೆಟ್ಟ ಮಾತು. ಎರಡೂ ನನಗೆ ಅಭ್ಯಾಸವಾಗಿದೆ.

ಮೊನ್ನೆ ಗ್ಲೆನ್‌ಟಾರಿಯಲ್ಲಿ ನಾವಿಕರ ಕುಣಿತ ಹಾರ್ನ್‌ಪೈಪ್‌ನ ಸ್ಪರ್ಧೆ ಇತ್ತು. ನಮ್ಮೂರಿನ ಹುಡುಗಿ ಒಬ್ಬಳೂ ಇರಲಿಲ್ಲ, ಎಂದಿನ ಹಾಗೆ. ಬಂದವರೆಲ್ಲ ಒಳನಾಡಿನ ಮಕ್ಕಳು. ಬಿಳಿ ಪ್ಯಾಂಟು, ನೀಲಿ ಕಾಲರು, ನಾವಿಕನ ಟೋಪಿ ಎಲ್ಲ ಸರಿಯಾಗೇ ಹಾಕಿಕೊಂಡಿರುತ್ತವೆ. ಆದರೆ ಹಗ್ಗ ಎಳೆಯುವ ಹೆಜ್ಜೆ ಬಂದಾಗ ಗಾಳಿಯನ್ನು ಎಳೆಯುತ್ತವೆ. ಹುಟ್ಟು ಹಾಕುವಾಗ ಹಿಟ್ಟು ಕಲೆಸಿದ ಹಾಗೆ ಕಾಣುತ್ತದೆ.

ಕೊನೆಗೆ ಬಂದವಳು ನಿಮ್ಮ ಕಡೆಯವಳು, ನ್ಯೂಜಿಲೆಂಡಿನ ಹುಡುಗಿ. ಟೆಸ್ಸಾ ಅಂತ ಹೆಸರು, ಹನ್ನೆರಡರ ವಯಸ್ಸಿರಬೇಕು. ಎದೆಯ ಮುಂದೆ ತೋಳು ಕಟ್ಟಿ ನಿಂತ ರೀತಿ ನೋಡಿಯೇ ನಾನು ಬೆನ್ನು ನೆಟ್ಟಗೆ ಮಾಡಿ ಕೂತೆ. ಅವಳು ಎಳೆದ ಹಗ್ಗಕ್ಕೆ ತೂಕವಿತ್ತು, ಹತ್ತಿದ ಕಂಬಕ್ಕೆ ಎತ್ತರವಿತ್ತು. ಟಾರು ಮೆತ್ತಿದಂತೆ ಕೈಯನ್ನು ಒರೆಸಿ ಪ್ಯಾಂಟು ಮೇಲೆತ್ತಿಕೊಂಡಾಗ ಮುದುಕರೆಲ್ಲ ಗೊಳ್ಳೆಂದು ನಕ್ಕರು. ಆಮೇಲೆ ಹಣೆಗೆ ಕೈಯಿಟ್ಟು ದೂರ ನೋಡುವ ಹೆಜ್ಜೆ ಬಂತು. ಅಲ್ಲಿ ಆ ಮಗು ಕುಣಿತದ ಪುಸ್ತಕದಲ್ಲಿಲ್ಲದ್ದೇನೋ ಒಂದು ಸೇರಿಸಿತು.

ಬೆಥಿಯಾ, ಪೆನ್ಸಿಲ್ ಕೆಳಗೆ ಬಿದ್ದದ್ದು ಗೊತ್ತಾಗಲಿಲ್ಲ, ಪಕ್ಕದವರು ಎತ್ತಿಕೊಟ್ಟರು. ಅದನ್ನು ನಾನು ಈ ಲೋಕದಲ್ಲಿ ಒಬ್ಬನ ಮೈಯಲ್ಲಿ ಮಾತ್ರ ನೋಡಿದ್ದೆ. ಯಾರೆಂದು ನಿನಗೆ ಹೇಳಬೇಕಾಗಿಲ್ಲ. ನಿನ್ನ ಅಣ್ಣ, ನನ್ನ ಅಲಿಕ್, ದುಡಿಯುತ್ತಿದ್ದ ದೋಣಿ ಗ್ಲೀನರ್ ಮುಳುಗಿ ಇಪ್ಪತ್ತೇಳು ವರ್ಷವಾಯಿತು.

ಪುಸ್ತಕದಲ್ಲಿಲ್ಲದ್ದನ್ನು ಮಾಡಿದರೆ ಅಂಕ ಕಳೆಯಬೇಕು. ಕಳೆದೆ. ಹುಡುಗಿಗೆ ಮೂರನೆಯ ಬಹುಮಾನ ಬಂತು. ಆಮೇಲೆ ಐಸ್‌ಕ್ರೀಮ್ ಗಾಡಿಯ ಹತ್ತಿರ ಅವಳನ್ನು ಹಿಡಿದು ಕೇಳಿದೆ, "ಯಾರಮ್ಮಾ ನಿಂಗೆ ಕಲ್ಸಿದ್ದು?"

"ನಮ್ ಕ್ಯಾಪ್. ಚರ್ಚ್ ಹಾಲ್‌ನಲ್ಲಿ ಕಲಿಸ್ತಾರೆ."

"ಕ್ಯಾಪ್ ಅಂದ್ರೆ? ಹೆಸ್ರೇನು?"

"ಕ್ಯಾಪ್ ಅಂದ್ರೆ ಕ್ಯಾಪ್ಟನ್ನು!"

ಅಷ್ಟರಲ್ಲಿ ಅವಳ ತಾಯಿ ಬಂದಳು. "ಅಂಕ ಕಳೆದೋರು ನೀವೇ ತಾನೇ? ನಿಮ್ ಕಡೆ ಗಂಡಸ್ರು ಪುಸ್ತಕ ಓದ್ಕೊಂಡೇ ಹಡಗು ನಡೆಸ್ತಿದ್ರಾ?" ಎಂದು ಹೇಳಿ ಮಗಳನ್ನು ಎಳೆದುಕೊಂಡು ಬಸ್ಸು ಹತ್ತಿದಳು. ನಾನು ಸ್ಪರ್ಧೆಯ ಪಟ್ಟಿ ತೆಗೆದು ಅವರ ಊರು ಹುಡುಕಿದೆ.

ಅವರೂ ಡನೀಡಿನ್ ಹತ್ತಿರದವರಂತೆ. ನಿನಗೆ ಗೊತ್ತಿರಬಹುದು. ಈ ಕ್ಯಾಪ್ ಯಾರೆಂದು ಸ್ವಲ್ಪ ವಿಚಾರಿಸಿ ಬರೆ. ನಾನು ನಿದ್ದೆ ಮಾಡುತ್ತಿಲ್ಲ.

ನಿನ್ನ
ಜೀನಾ

ಡನೀಡಿನ್
30 ಜುಲೈ 1984

ನನ್ನ ಮುದ್ದು ಜೀನಾ,

ನಿನ್ನ ಕಾಗದ ನೋಡಿ ಸಂತೋಷವಾಯಿತು. ಇಲ್ಲಿ ಎಂಥ ಚಳಿ ಅಂತೀಯ! ನಲ್ಲಿಯ ನೀರು ಹೆಪ್ಪುಗಟ್ಟಿ ಎರಡು ದಿನ ಪಕ್ಕದ ಮನೆಯಿಂದ ತಂದೆವು. ನನ್ನ ಯಜಮಾನರ ಕೆಮ್ಮು ಇನ್ನೂ ಹೋಗಿಲ್ಲ. ಸೊಸೆ ಹೊಸ ಪರದೆ ಹಾಕಿದ್ದಾಳೆ, ಕಿತ್ತಳೆ ಬಣ್ಣ, ಕಣ್ಣು ಉರಿಯುತ್ತದೆ, ಹೇಳುವ ಹಾಗಿಲ್ಲ.

ನೀನು ಕೇಳಿದ ಕ್ಯಾಪ್ ವಿಷಯ. ಇಲ್ಲಿ ಬಂದರಿನ ಸುತ್ತ ಇಂಥ ಮುದುಕರು ಗಲ್ಲಿಗೆ ಹತ್ತು ಜನ ಇದ್ದಾರೆ ಕಣೇ. ಎಲ್ಲರಿಗೂ ಕ್ಯಾಪ್ಟನ್ ಅಂತಲೇ ಕರೆಸಿಕೊಳ್ಳುವ ಚಟ. ಯಾರೋ ಒಬ್ಬ ಇರಬೇಕು. ನೀನು ಇಡೀ ಬೇಸಿಗೆ ಬಿಸಿಲಲ್ಲಿ ಕೂತು ಕುಣಿತ ನೋಡಿ ನೋಡಿ ದಣಿದಿದ್ದೀಯ. ವಯಸ್ಸೂ ಐವತ್ತೈದಾಯಿತು, ಕನ್ನಡಕದ ನಂಬರ್ ಬದಲಾಗಿರಬಹುದು, ಡಾಕ್ಟರಿಗೆ ತೋರಿಸು. ಒಂದು ಮಗು ಹೆಗಲ ಮೇಲಿಂದ ಹಿಂದಕ್ಕೆ ತಿರುಗಿ ನೋಡಿತು ಅಂತ ನೀನು ಪೆನ್ಸಿಲ್ ಬೀಳಿಸಿಕೊಳ್ಳುವುದೇ? ಪರದೇಶ, ಹೊಸ ಜನ, ಅಮ್ಮ ಎಲ್ಲಿದ್ದಾಳೋ ಅಂತ ನೋಡಿರುತ್ತದೆ ಪಾಪ.

ಸತ್ತವರನ್ನು ನೆನೆಯಬಾರದು ಅಂತ ನಾನು ಹೇಳುವುದಿಲ್ಲ. ಆದರೆ ಅವರು ನೆಮ್ಮದಿಯಾಗಿರಲಿ ಬಿಡು. ನೀನೂ ನೆಮ್ಮದಿಯಾಗಿರು. ಪಾರ್ಸೆಲ್‌ನಲ್ಲಿ ಉಣ್ಣೆ ಕಳಿಸುತ್ತಿದ್ದೇನೆ, ಒಳ್ಳೆಯ ಬೂದು ಬಣ್ಣ.

ಪ್ರೀತಿಯಿಂದ
ಬೆಥಿಯಾ

ಸ್ಕಾರ್‌ನೆಸ್
9 ಆಗಸ್ಟ್ 1984

ಬೆಥಿಯಾ,

ಮಗು ಪುಸ್ತಕದಲ್ಲಿಲ್ಲದ್ದೇನೋ ಸೇರಿಸಿತು ಎಂದಷ್ಟೇ ನಾನು ಬರೆದದ್ದು. ಏನು ಸೇರಿಸಿತೆಂದು ಬರೆಯಲಿಲ್ಲ. ಬೇಕೆಂದೇ ಬರೆಯಲಿಲ್ಲ ಎಂದೂ ಅಲ್ಲ, ಬರೆಯಲು ಕೈ ಬರಲಿಲ್ಲ. ಹಿಂದಕ್ಕೆ ತಿರುಗಿತೆಂದು ನಿನಗೆ ಯಾರು ಹೇಳಿದರು? ಹೆಗಲ ಮೇಲಿಂದ ಎಂದು ಯಾರು ಹೇಳಿದರು? ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಹಾಗಾಯಿತು ನಿನ್ನ ಕತೆ.

ಅಣ್ಣ ಕುಣಿಯುವುದನ್ನು ಚಿಕ್ಕಂದಿನಿಂದ ನೋಡಿದ್ದೆ ಎಂದು ಹೇಳಬೇಡ. ನಮ್ಮ ಮದುವೆಯಾದ ತಿಂಗಳಿಗೆ ನೀನು ಹಡಗು ಹತ್ತಿದೆ. ಈ ಹೆಜ್ಜೆ ಹುಟ್ಟಿದ್ದು ಅದರ ಮುಂದಿನ ಚಳಿಗಾಲ, ನಮ್ಮ ಅಡುಗೆಮನೆಯಲ್ಲಿ. ಬಿರುಗಾಳಿಗೆ ದೋಣಿ ಕಟ್ಟಿಹಾಕಿದ ದಿನಗಳಲ್ಲಿ ನಾನು ಒಲೆಯ ಪಕ್ಕ ಕೂತು ಬಾಯಲ್ಲೇ ರಾಗ ಹೇಳುತ್ತಿದ್ದೆ, ಅಲಿಕ್ ಕುಣಿಯುತ್ತಿದ್ದ. ಹಣೆಗೆ ಕೈಯಿಟ್ಟು ಆಚೆ ಈಚೆ ನೋಡಿ, ಆಮೇಲೆ ಎಡಹೆಗಲ ಮೇಲಿಂದ ತಿರುಗಿ ನನ್ನನ್ನು ನೋಡಿ, ಹೆಬ್ಬೆರಳಲ್ಲಿ ಟೋಪಿ ಎತ್ತುತ್ತಿದ್ದ. ದೋಣಿಗೆ ಹೊರಟವನು ಹಿಂದಿರುಗಿ ನೋಡಬಾರದು ಎಂದು ನಿಮ್ಮಮ್ಮ ದಿನಾ ಹೇಳುತ್ತಿದ್ದದ್ದಕ್ಕೆ ಅದು ಅವನ ತುಂಟತನ. "ಕುಣಿತದಲ್ಲಿ ತಿರುಗಿದ್ರೆ ಸಮುದ್ರಕ್ಕೆ ಗೊತ್ತಾಗತ್ತೇನೇ?" ಎನ್ನುತ್ತಿದ್ದ. ಆದರೂ ಬಾಗಿಲು ಹಾಕಿಕೊಂಡೇ ಮಾಡುತ್ತಿದ್ದ. ನಾನಲ್ಲದೆ ಬೇರೆ ಯಾರೂ ಅದನ್ನು ನೋಡಿಲ್ಲ.

ಈಗ ನೀನು ನೋಡಿದ್ದೀಯ. ಎಲ್ಲಿ ನೋಡಿದೆ?

ಅಲಿಕ್ ಬದುಕಿದ್ದಾನೆಯೇ? ಹೌದು ಅಥವಾ ಇಲ್ಲ ಎಂದು ಬರೆ. ನಲ್ಲಿಯ ನೀರಿನ ವಿಷಯ ಬೇಡ.

ಜೀನಾ

ಸ್ಕಾರ್‌ನೆಸ್
1 ಸೆಪ್ಟೆಂಬರ್ 1984

ಬೆಥಿಯಾ,

ಮೂರು ವಾರ ಕಳೆಯಿತು. ನಿನ್ನ ಉಣ್ಣೆ ಬಂತು, ಕಾಗದ ಬರಲಿಲ್ಲ. ಇಲ್ಲ ಎಂದು ಬರೆಯುವುದಾಗಿದ್ದರೆ ನೀನು ಅದೇ ದಿನ ಬರೆದಿರುತ್ತಿದ್ದೆ. ಹಾಗಾಗಿ ನನಗೆ ಉತ್ತರ ಸಿಕ್ಕಿದೆ ಎಂದೇ ಇಟ್ಟುಕೊಂಡು ಬರೆಯುತ್ತಿದ್ದೇನೆ. ಒಲೆಗೆ ಇದ್ದಿಲು ಹಾಕುವುದು ಮರೆತು ತಣ್ಣನೆಯ ಮನೆಯಲ್ಲಿ ಕೂತಿದ್ದೇನೆ. ಎದ್ದು ಹಾಕಬೇಕು ಅನ್ನಿಸುತ್ತಿಲ್ಲ.

ನಿನಗೆ ಯಾರೂ ಬರೆಯದ ಒಂದು ವಿಷಯ ಹೇಳುತ್ತೇನೆ. ನಿಮ್ಮಮ್ಮ ಬರೆಯಲಿಲ್ಲ, ಅಷ್ಟು ಮರ್ಯಾದೆ ಉಳಿಸಿದರು. ಆ ಜನವರಿಯ ಬೆಳಗ್ಗೆ ಅಲಿಕ್ ಹೊರಟ ಮೇಲೆ ನೋಡುತ್ತೇನೆ, ಅವನ ಉಣ್ಣೆಯ ಕೈಗವಸು ಒಲೆಯ ಮೇಲೇ ಒಣಗುತ್ತಿದೆ. ಆ ಚಳಿಯಲ್ಲಿ ಕೈಗವಸಿಲ್ಲದೆ ಬಲೆ ಎಳೆದರೆ ಬೆರಳು ಉಳಿಯುತ್ತದೆಯೇ? ಬಾಗಿಲಿಗೆ ಓಡಿ ಬೀದಿಯಲ್ಲಿ ನಿಂತು ಕೂಗಿಬಿಟ್ಟೆ. "ಅಲಿಕ್! ಅಲಿಕ್, ನಿನ್ ಕೈಗವ್ಸು!"

ಮೀನುಗಾರರ ಮನೆಯ ಮಗಳು ನೀನು, ನಿನಗೆ ವಿವರಿಸಬೇಕಾಗಿಲ್ಲ. ದೋಣಿಗೆ ಹೊರಟವನನ್ನು ಹಿಂದಿನಿಂದ ಕೂಗಬಾರದು. ಹೆಸರು ಹಿಡಿದಂತೂ ಕೂಗಲೇಬಾರದು. ನಾನು ಒಳನಾಡಿನ ಹೊಲದ ಮನೆಯಿಂದ ಬಂದವಳು, ಮೂರು ವರ್ಷದಿಂದ ಕಲಿತದ್ದು ಒಂದು ಗಳಿಗೆಯಲ್ಲಿ ಮರೆತುಹೋಯಿತು. ಅವನು ನಿಂತ, ತಿರುಗಿದ, ನನ್ನನ್ನು ನೋಡಿದ. ಕೈಗವಸಿಗೆ ಬರಲಿಲ್ಲ. ಮೀನು ಹೊಗೆಗಿಡುವ ಮನೆಯ ಮೂಲೆ ತಿರುಗಿ ಕಣ್ಮರೆಯಾದ. ಎದುರು ಮನೆಯ ಬೆಲ್ ಮೇರ್ ಬಾಗಿಲಲ್ಲಿ ನಿಂತು ಎಲ್ಲ ನೋಡಿದಳು. ಅವಳ ಗಂಡ ಜಾಕ್ ದೋಣಿಯ ಯಜಮಾನ, ಮಗನೂ ಅದೇ ದೋಣಿಯಲ್ಲಿದ್ದ.

ಮಧ್ಯಾಹ್ನ ಬಿರುಗಾಳಿ ಎದ್ದಿತು. ಮಿಕ್ಕಿದ್ದೆಲ್ಲ ನಿನಗೆ ಗೊತ್ತು.

ಅಂದಿನಿಂದ ಬೆಲ್ ನನ್ನ ಜೊತೆ ಮಾತಾಡಿಲ್ಲ. ಮೀನು ಕೊಳ್ಳಲು ಬಂದರಿಗೆ ಇಳಿದರೆ ಹೆಂಗಸರ ಮಾತು ನಿಲ್ಲುತ್ತದೆ. ಗಂಡಸರು ನನ್ನನ್ನು ಕಂಡರೆ ಅಪಶಕುನ ಕಳೆಯಲು ತಣ್ಣನೆಯ ಕಬ್ಬಿಣ ಮುಟ್ಟಿಕೊಳ್ಳುತ್ತಾರೆ, ಪಾದ್ರಿಯನ್ನು ಕಂಡಾಗ ಮುಟ್ಟಿಕೊಳ್ಳುವ ಹಾಗೆ. ನನ್ನ ಕುಣಿತದ ತರಗತಿಗೆ ನಮ್ಮೂರಿನ ಒಂದು ಹುಡುಗಿಯೂ ಯಾಕೆ ಬರುವುದಿಲ್ಲ ಎಂದು ನೀನು ಹಿಂದೊಮ್ಮೆ ಕೇಳಿದ್ದೆ. ಇದಕ್ಕೆ. ಊರನ್ನು ಬೈಯಲಿಲ್ಲ ನಾನು. ಅವರು ಹೇಳುವುದೇ ನಿಜ ಎಂದು ನಾನೂ ನಂಬಿದ್ದೆ. ನಾಲ್ವರನ್ನೂ ನನ್ನ ಗಂಡನನ್ನೂ ನನ್ನ ಬಾಯಿ ಕೊಂದಿತು ಎಂದುಕೊಂಡು ಬದುಕಿದೆ.

ಈಗ ಹೇಳು. ಅವನು ದೋಣಿಯಲ್ಲಿ ಇದ್ದನೇ?

ಜೀನಾ

ಡನೀಡಿನ್
2 ಸೆಪ್ಟೆಂಬರ್ 1984

ಜೀನಾ,

ನಿನ್ನ ಆಗಸ್ಟಿನ ಕಾಗದವನ್ನು ಎಷ್ಟು ಸಲ ಓದಿದೆನೋ. ಹರಿದು ಒಲೆಗೆ ಹಾಕೋಣ ಎಂದೂ ಅನ್ನಿಸಿತು. ಹೌದು. ಬದುಕಿದ್ದಾನೆ.

ದೋಣಿ ಮುಳುಗಿದ ಮುಂದಿನ ವರ್ಷ ಒಂದು ಬೆಳಗ್ಗೆ ಬಾಗಿಲು ತೆಗೆದರೆ ಮೆಟ್ಟಿಲ ಮೇಲೆ ಅಲಿಕ್ ಕೂತಿದ್ದ. ನಾನು ಕಿರುಚಿದೆ. ಅವನಿಗಾಗಿ ಕಪ್ಪು ಬಟ್ಟೆ ಹೊಲಿಸಿದ್ದೆ ನಾನು! ಮುಟ್ಟಿ ನೋಡಿದ ಮೇಲೂ ನಂಬಿಕೆ ಬರಲಿಲ್ಲ. ಸರಕಿನ ಹಡಗಿನಲ್ಲಿ ಅಡುಗೆಯವನಾಗಿ ಬಂದಿದ್ದ, ನಮ್ಮಮ್ಮನ ತವರಿನ ಹೆಸರಿಟ್ಟುಕೊಂಡು.

ಆ ದಿನ ಬಂದರಿಗೆ ಇಳಿಯುವಾಗ ಪಾದ್ರಿ ಎದುರಾದರಂತೆ. ನಿನಗೆ ಗೊತ್ತಲ್ಲ, ಪಾದ್ರಿ ಎದುರಾದರೆ ಮೀನುಗಾರ ಸಮುದ್ರಕ್ಕೆ ಹೋಗುವುದಿಲ್ಲ. ಅವನು ಬಲೆಮನೆಯ ಹಿಂದೆ ಕೂತುಬಿಟ್ಟ. ಜಾಕ್ ಮೇರ್ ಯಾರಿಗೂ ಕಾಯುವವನಲ್ಲ, ಭರತ ಇಳಿಯುವ ಮೊದಲು ದೋಣಿ ಬಿಟ್ಟ. ಹೋದವರು ಯಾರೂ ಬರಲಿಲ್ಲ, ಹಾಗಾಗಿ ಇವನು ಹತ್ತಲಿಲ್ಲವೆಂದು ಹೇಳುವವರೂ ಉಳಿಯಲಿಲ್ಲ. ಮನೆಮನೆಯಲ್ಲಿ ಸಾವಿನ ಅಳು ಇರುವಾಗ ನಾನೊಬ್ಬ ಒಣಗಿದ ಬಟ್ಟೆಯಲ್ಲಿ ಆ ಬೀದಿಯಲ್ಲಿ ಹೇಗೆ ನಡೆಯಲಿ ಎಂದ. ರೈಲು ಹಳಿ ಹಿಡಿದು ಪಕ್ಕದ ಊರಿನ ನಿಲ್ದಾಣಕ್ಕೆ ನಡೆದನಂತೆ.

ನಿನಗೆ ಬರೆಯೆಂದು ಎಷ್ಟು ಸಲ ಹೇಳಿದೆ! ಮುಂದಿನ ತಿಂಗಳು ಎಂದ, ಆಮೇಲೆ ಮುಂದಿನ ವರ್ಷ ಎಂದ. ನಿನಗೆ ಹೇಳಕೂಡದೆಂದು ನನ್ನ ಕೈಯಲ್ಲಿ ಬೈಬಲ್ ಮುಟ್ಟಿಸಿ ಆಣೆ ಹಾಕಿಸಿಕೊಂಡ. ಅವನು ಬೇರೆ ಮದುವೆಯಾಗಲಿಲ್ಲ ಜೀನಾ, ಇದನ್ನಾದರೂ ನಂಬು. ಹಗ್ಗ, ದೀಪ ಮಾರುವ ಅಂಗಡಿಯ ಮೇಲೆ ಒಂದು ಕೋಣೆ. ಶನಿವಾರ ಮಕ್ಕಳಿಗೆ ಹಾರ್ನ್‌ಪೈಪ್ ಕಲಿಸುತ್ತಾನೆ.

ಒಬ್ಬ ಪಾದ್ರಿ ಅಡ್ಡ ಬಂದದ್ದರಿಂದ ಇಷ್ಟೆಲ್ಲ ಆಯಿತು. ದೇವರ ಮನಸ್ಸಿನಲ್ಲಿ ಏನಿತ್ತೋ. ಬೈಯುವುದಾದರೆ ನನ್ನನ್ನು ಬೈ.

ಬೆಥಿಯಾ

ಸ್ಕಾರ್‌ನೆಸ್
13 ಸೆಪ್ಟೆಂಬರ್ 1984

ಬೆಥಿಯಾ,

ಪಾದ್ರಿಯೂ ಇಲ್ಲ ಗೀದ್ರಿಯೂ ಇಲ್ಲ. ಆ ವಾರ ನಮ್ಮ ಪಾದ್ರಿ ಮಂಜಿನಲ್ಲಿ ಜಾರಿ ಕಾಲು ಮುರಿದುಕೊಂಡು ಆ್ಯಬರ್‌ಡೀನ್‌ನಲ್ಲಿ ಮಲಗಿದ್ದರು. ಮುಳುಗಿದವರ ಪ್ರಾರ್ಥನೆಗೆ ಬೇರೆ ಊರಿನಿಂದ ಪಾದ್ರಿಯನ್ನು ಕರೆಸಿದ್ದು ಅದಕ್ಕೇ.

ನನ್ನ ಒಂದನೆಯ ತಾರೀಖಿನ ಕಾಗದ ನಿನಗೆ ಇಷ್ಟರಲ್ಲಿ ಮುಟ್ಟಿರುತ್ತದೆ. ಅದನ್ನು ಓದು. ಓದಿ ಅವನನ್ನು ಕೇಳು, ನಾನು ಕೂಗಿದ್ದು ಅವನಿಗೆ ಕೇಳಿಸಿತೇ ಎಂದು. ನನಗೆ ಬೇಕಾದದ್ದು ಅದೊಂದೇ.

ಬಲೆಮನೆಯ ಹಿಂದೆ ಎಂದು ಬರೆದಿದ್ದೀಯ. ನಾವು ಹೆಂಗಸರು ಸಂಜೆಯವರೆಗೂ ನಿಂತು ಕಾದದ್ದು ಬಲೆಮನೆಯ ಮುಂದೆ.

ಜೀನಾ

ಡನೀಡಿನ್
25 ಸೆಪ್ಟೆಂಬರ್ 1984

ಜೀನಾ, ನನ್ನ ಕಂದಾ,

ನಿನ್ನ ಒಂದನೆಯ ತಾರೀಖಿನ ಕಾಗದ ಬಂದಾಗಲೂ ಅವನನ್ನು ಕೇಳಲು ಧೈರ್ಯ ಬರಲಿಲ್ಲ. ನೀನು ಕೂಗಿದ್ದೂ ನಿಜ, ಪಾದ್ರಿ ಎದುರಾದದ್ದೂ ನಿಜ ಇರಬಹುದು ಎಂದು ಸಮಾಧಾನ ಮಾಡಿಕೊಂಡೆ. ನೆನ್ನೆ ಪಾದ್ರಿಯ ಕಾಲಿನ ಕಾಗದ ಬಂತು. ಏಪ್ರನ್ ಬಿಚ್ಚದೆ ಹಾಗೇ ಬಂದರಿಗೆ ಬಸ್ಸು ಹತ್ತಿದೆ.

ಚರ್ಚ್ ಹಾಲ್‌ನಲ್ಲಿ ಇದ್ದ, ಹಾಳಾದ ಅಕಾರ್ಡಿಯನ್ ತೊಡೆಯ ಮೇಲಿಟ್ಟುಕೊಂಡು ಅದರ ಪಟ್ಟಿ ಸರಿಮಾಡುತ್ತಿದ್ದ. ತಲೆ ಪೂರ್ತಿ ಬೆಳ್ಳಗಾಗಿದೆ, ಸೊಂಟ ಹಿಡಿದಿದೆ. ಕುರ್ಚಿ ಎಳೆದುಕೊಂಡು ಎದುರಿಗೆ ಕೂತೆ.

"ಅಲಿಕ್, ಆವತ್ತು ನೀನ್ ದೋಣಿ ಹತ್ತದೆ ಇದ್ದಿದ್ದು ಯಾಕೆ?"

"ಪಾದ್ರಿ ಅಡ್ಡ ಬಂದ್ರು ಅಂತ ಹೇಳಿದ್ನಲ್ಲ, ಇನ್ನೆಷ್ಟ್ ಸಲ ಕೇಳ್ತೀಯ?"

"ಪಾದ್ರಿ ಆ್ಯಬರ್‌ಡೀನ್‌ನಲ್ಲಿ ಕಾಲ್ ಮುರ್ಕೊಂಡ್ ಮಲ್ಗಿದ್ರು ಕಣೋ."

ಅವನ ಮುಖ ನೋಡಬೇಕಿತ್ತು. ಪಟ್ಟಿಯನ್ನು ಹಾಕಿದ, ತೆಗೆದ, ಮತ್ತೆ ಹಾಕಿದ. "ಜೀನಾ ಕೂಗಿದ್ಲು" ಎಂದ ಕೊನೆಗೆ. "ಕೇಳಿಸ್ತು. ತಿರುಗಿದೆ. ಕೈಗವ್ಸು ಹಿಡ್ಕೊಂಡು ರಾತ್ರಿ ಅಂಗೀಲೇ ಬೀದಿಗೆ ಬಂದಿದ್ಲು. ಹೆಸ್ರು ಹಿಡ್ದು ಕೂಗಿಸ್ಕೊಂಡು, ಹಿಂದಕ್ ಬೇರೆ ತಿರುಗಿ ನೋಡಿ, ಆಮೇಲೆ ದೋಣಿ ಹತ್ತೋಕೆ ನಂಗೇನು ಹುಚ್ಚಾ?"

"ಮತ್ತೆ ನಂಗ್ಯಾಕೋ ಪಾದ್ರಿ ಕತೆ ಹೇಳಿದೆ?"

"ಹೆಂಡ್ತಿ ಕೂಗಿದ್ಲು ಅಂತ ವಾಪಸ್ ಬಂದೆ ಅಂದ್ರೆ ಯಾರಾದ್ರೂ ನಗ್ತಾರೆ. ಪಾದ್ರಿ ಅಂದ್ರೆ ನಗಲ್ಲ."

ನಗುತ್ತಾರೆ ಎಂದನಲ್ಲ ಜೀನಾ! ನಾನು ಅವನ ಅಕ್ಕನಾಗಿ ಹುಟ್ಟಿದ್ದರೆ ಕಪಾಳಕ್ಕೆ ಹೊಡೆದಿರುತ್ತಿದ್ದೆ. ತಂಗಿಯಾದರೇನು ಎಂದುಕೊಂಡು ಹೊಡೆದೆ. ಕನ್ನಡಕ ದೂರ ಹೋಗಿ ಬಿತ್ತು. "ಅವ್ಳು ಊರಿಗೆಲ್ಲ ಕೊಲೆಗಾತಿ ಆಗಿದಾಳೋ! ಅವಳ ಬಾಯಿಂದ್ಲೇ ದೋಣಿ ಮುಳುಗ್ತು ಅಂತ ಒಂದು ಹೆಂಗ್ಸೂ ಅವಳ ಮುಖ ನೋಡಲ್ಲ. ಗೊತ್ತಿತ್ತಾ ನಿಂಗೆ?"

ಗೊತ್ತಿರಲಿಲ್ಲ ಎಂದು ಹೇಳಲಿಲ್ಲ ಅವನು. ಅದೇ ನನಗೆ ಬಡಿದದ್ದು. "ಬೆಲ್ ಬಾಗಿಲಲ್ಲಿದ್ದಿದ್ದು ನೋಡಿದ್ದೆ" ಎಂದಷ್ಟೇ ಹೇಳಿದ. ಆಮೇಲೆ ಇನ್ನೊಂದು ಹೇಳಿದ. ಬರೆಯಲೋ ಬೇಡವೋ ಎಂದು ಅರ್ಧ ದಿನ ಯೋಚಿಸಿದೆ. ನಿನ್ನಿಂದ ಇನ್ನು ಏನನ್ನೂ ಮುಚ್ಚಿಡುವುದಿಲ್ಲ. ಸಂಜೆ ನೀನು ಅಳುವುದು ಬಲೆಮನೆಯ ಹಲಗೆ ಗೋಡೆಯ ಆಚೆಯಿಂದ ಕೇಳಿಸುತ್ತಿತ್ತಂತೆ. ನಾಲ್ಕು ಹೆಜ್ಜೆ ದೂರವಿದ್ದೆ, ಕಾಲು ಬರಲಿಲ್ಲ ಎಂದು ಅತ್ತ.

ಟೆಸ್ಸಾ ಬಂದವಳೇ ಅಂಕ ಕಳೆದ ಮುದುಕಿಯ ಬಗ್ಗೆ ಅವನಿಗೆ ಹೇಳಿದ್ದಾಳೆ. ಕೋಟಿನ ಮೇಲೆ ಪಿನ್ ಹಾಕಿದ್ದ ಹೆಸರನ್ನೂ ಓದಿಕೊಂಡು ಬಂದಿದ್ದಳಂತೆ. ಅಂದಿನಿಂದ ಅವನು ಸರಿಯಾಗಿ ಊಟ ಮಾಡಿಲ್ಲ. ನಾನು ಎದ್ದು ಹೊರಡುವಾಗ ಕೇಳಿದ, "ನಾನ್ ಅಲ್ಲಿಗ್ ಬರ್ಲಾ ಅಂತ ಕೇಳ್ತೀಯಾ?"

ಕೇಳಿದ್ದೇನೆ. ಉತ್ತರ ನಿನ್ನದು. ಆಣೆ ಉಳಿಸಿಕೊಂಡು ನಿನಗೆ ನಾನು ಮಾಡಿದ್ದಕ್ಕೆ ಕ್ಷಮೆ ಕೇಳುವ ಮುಖ ನನಗಿಲ್ಲ. ನೀನು ಊರಿನವರಿಂದ ಏನು ಅನುಭವಿಸುತ್ತಿದ್ದೀಯ ಎಂದು ಗೊತ್ತಿದ್ದರೆ ಬೈಬಲ್ಲನ್ನೇ ಅವನ ತಲೆಗೆ ಎಸೆದು ಬರೆದುಬಿಡುತ್ತಿದ್ದೆ.

ನಿನ್ನ
ಬೆಥಿಯಾ

ಸ್ಕಾರ್‌ನೆಸ್
7 ಅಕ್ಟೋಬರ್ 1984

ಪ್ರೀತಿಯ ಬೆಥಿಯಾ,

ಅವನ ಕಪಾಳಕ್ಕೆ ಹೊಡೆದದ್ದಕ್ಕೆ ನಿನ್ನನ್ನು ಅರ್ಧ ಕ್ಷಮಿಸಿದೆ. ಇನ್ನರ್ಧಕ್ಕೆ ಕಾಯಬೇಕು.

ನಿನ್ನ ಕಾಗದ ಬಂದದ್ದು ಬುಧವಾರ. ಓದಿ ಮುಗಿಸಿ ಹಾಗೇ ಬೀದಿಗೆ ಇಳಿದು ಎದುರು ಮನೆಯ ಬಾಗಿಲು ಬಡಿದೆ. ಬೆಲ್ ಮೇರ್‌ಗೆ ಈಗ ಎಪ್ಪತ್ತೆರಡು. ಬಾಗಿಲು ತೆಗೆದು ನನ್ನನ್ನು ಕಂಡವಳೇ ಮುಚ್ಚಲು ಹೋದಳು. ನಾನು ಕಾಲು ಅಡ್ಡ ಇಟ್ಟೆ.

"ಬೆಲ್, ಅಲಿಕ್ ಬದ್ಕಿದಾನೆ."

"ಕುಡಿದಿದ್ಯೇನೇ?"

"ಇಲ್ಲ. ಅವನು ದೋಣಿ ಹತ್ತಲೇ ಇಲ್ಲ. ನಾನ್ ಕೂಗಿದ್ದು ಕೇಳಿ ಹಿಂದಕ್ ಹೋದ. ನ್ಯೂಜಿಲೆಂಡ್‌ನಲ್ಲಿ ಮಕ್ಕಳಿಗೆ ಕುಣಿಯೋದ್ ಕಲಿಸ್ತಿದಾನೆ."

ಅವಳು ಕೂಗಾಡುತ್ತಾಳೆ, ಶಾಪ ಹಾಕುತ್ತಾಳೆ, ದೋಣಿಯಲ್ಲಿ ಒಬ್ಬ ಆಳು ಕಡಿಮೆಯಾಗಿ ನನ್ನ ಗಂಡ ಸತ್ತ ಎನ್ನುತ್ತಾಳೆ ಎಂದು ಎಲ್ಲಕ್ಕೂ ಗಟ್ಟಿಯಾಗಿ ನಿಂತಿದ್ದೆ. ಅವಳು ಬಾಗಿಲ ಪಕ್ಕದ ಮೀನಿನ ಪೆಟ್ಟಿಗೆಯ ಮೇಲೆ ಕುಸಿದು ಕೂತಳು. ನನ್ನ ಏಪ್ರನ್ನಿನ ತುದಿ ಹಿಡಿದು ಎಳೆದಳು.

"ಹಂಗಾದ್ರೆ ಕೂಗಿದ್ರೆ ಉಳೀತಾರೆ" ಎಂದಳು. "ಅಯ್ಯೋ ಜೀನಾ, ನಮ್ಮೋರ್ಗೂ ಕೇಳೋ ಹಂಗೆ ಇನ್ನೂ ಸ್ವಲ್ಪ ಜೋರಾಗಿ ಕೂಗ್ಬಾರ್ದಿತ್ತೇನೇ? ನಾನ್ ಬಾಗಿಲಲ್ಲೇ ನಿಂತಿದ್ನಲ್ಲೇ. ನನ್ ಮಗ ನಾಲ್ಕ್ ಮಾರು ದೂರದಲ್ ಹೋಗ್ತಿದ್ದ. ಕೂಗ್ಬಾರ್ದು ಅಂತ ಬಾಯ್ ಮುಚ್ಕೊಂಡಿದ್ನಲ್ಲೇ ನಾನು!"

ಬೆಥಿಯಾ, ಇಷ್ಟು ವರ್ಷ ನಾನು ಬಾಯಿ ತೆರೆದದ್ದಕ್ಕೆ ಅತ್ತೆ. ಅವಳು ಬಾಯಿ ಮುಚ್ಚಿಕೊಂಡದ್ದಕ್ಕೆ ಈಗ ಅಳಲು ಶುರುಮಾಡಿದ್ದಾಳೆ. ನನ್ನ ಹೊರೆ ಇಳಿದರೆ ಹಗುರವಾಗುತ್ತದೆ ಎಂದುಕೊಂಡಿದ್ದೆ. ಅದನ್ನು ಒಯ್ದು ಅವಳ ತಲೆಯ ಮೇಲಿಟ್ಟು ಬಂದಂತಾಯಿತು. ಅವಳ ಪಕ್ಕ ಪೆಟ್ಟಿಗೆಯ ಮೇಲೆ ಕೂತೆ. ಬಂದರಿಗೆ ಹೋಗುವವರೆಲ್ಲ ನಮ್ಮಿಬ್ಬರನ್ನು ಒಟ್ಟಿಗೆ ಕಂಡು ಬೆರಗಾಗಿ ನಿಂತರು. "ಏನ್ ನೋಡ್ತೀರೋ, ಹೋಗ್ರೋ!" ಎಂದು ಬೆಲ್ ಗದರಿದಳು. ಒಬ್ಬನೂ ಕಬ್ಬಿಣ ಮುಟ್ಟಲಿಲ್ಲ, ಅವಳಿಗೆ ಹೆದರಿ.

ಬಂದರಿನ ಸ್ಮಾರಕದ ಕಲ್ಲಿನ ಮೇಲೆ ಅವನ ಹೆಸರಿದೆಯಲ್ಲ, ಅದರ ಬಗ್ಗೆ ಊರಲ್ಲಿ ಜಗಳ ಶುರುವಾಗಿದೆ. ಕೆತ್ತಿ ತೆಗೆಯಬೇಕು ಎನ್ನುವವರು ಕೆಲವರು. "ಇರ್ಲಿ ಬಿಡಿ, ಇವತ್ತಲ್ಲ ನಾಳೆ ಸಾಯ್ತಾನಲ್ಲ" ಎಂದಳು ಬೆಲ್.

ಶುಕ್ರವಾರ ಅವಳ ಮೊಮ್ಮಗಳು ನನ್ನ ತರಗತಿಗೆ ಬಂದಳು. ಸ್ಕಾರ್‌ನೆಸ್‌ನ ಮೊದಲ ಹುಡುಗಿ. ಬೆಲ್ ಹಿಂದಿನ ಬೆಂಚಿನಲ್ಲಿ ಕೋಟು ಬಿಚ್ಚದೆ ಕೂತಿದ್ದಳು. ಹಗ್ಗ ಎಳೆಯುವ ಹೆಜ್ಜೆ ತೋರಿಸಿದೆ, ಕಂಬ ಹತ್ತುವುದು ತೋರಿಸಿದೆ. ದೂರ ನೋಡುವ ಹೆಜ್ಜೆಯಲ್ಲಿ ಹಣೆಗೆ ಕೈಯಿಟ್ಟು ನಿಂತಾಗ ನನ್ನ ಕುತ್ತಿಗೆ ತಾನಾಗಿ ಎಡಕ್ಕೆ ತಿರುಗಲು ಹೋಯಿತು. ತಡೆದೆ. ಅದು ಪುಸ್ತಕದಲ್ಲಿಲ್ಲ.

ಅವನಿಗೆ ನನ್ನ ಉತ್ತರ ಹೇಳು. ಆ ಮಗುವಿನ ಅಂಕ ಕಳೆದದ್ದು ತಪ್ಪಾಯಿತು, ಅವಳು ಚೆನ್ನಾಗಿಯೇ ಕುಣಿದಳು, ತಾಯಿಗೂ ಇದನ್ನು ತಿಳಿಸಲಿ. ಕಳೆಯಬೇಕಾದದ್ದು ಕಲಿಸಿದವನ ಅಂಕ. ನಾಲ್ಕು ಹೆಜ್ಜೆ ನಡೆಯಲಾರದವನು ಹಿಂದಿರುಗಿ ನೋಡುವುದನ್ನು ಮಕ್ಕಳಿಗೆ ಕಲಿಸಬಾರದು.

ಬರಲೇ ಎಂದು ನನ್ನನ್ನು ಕೇಳಬೇಡ ಎನ್ನು. ಬರುವುದಾದರೆ ಬರಲಿ. ಆದರೆ ಮೊದಲು ಬೆಲ್ ಮೇರ್ ಮನೆಯ ಬಾಗಿಲು ತಟ್ಟಲಿ. ಆಮೇಲೆ ಆ ದೋಣಿಯ ಇನ್ನೆರಡು ಮನೆಗಳ ಬಾಗಿಲು. ಪ್ರತಿ ಬಾಗಿಲಲ್ಲೂ ನಿಂತು, ಪಾದ್ರಿಯ ಹೆಸರೆತ್ತದೆ, ಯಾರು ಕೂಗಿದ್ದರಿಂದ ತಾನು ಉಳಿದೆ ಎಂದು ಹೇಳಲಿ. ಕೊನೆಗೆ ನನ್ನ ಬಾಗಿಲು. ತೆರೆಯುತ್ತೇನೋ ಇಲ್ಲವೋ ನನಗೇ ಗೊತ್ತಿಲ್ಲ. ಕೈಗವಸು ಮಾತ್ರ ಇನ್ನೂ ಇದೆ.

ಅವನು ಆ ಹೊಗೆಮನೆಯ ಮೂಲೆಯವರೆಗೆ ಬಂದು, ಧೈರ್ಯ ಸಾಲದೆ ಮತ್ತೆ ತಿರುಗಿ ಹೊರಟರೆ ಹೊರಡಲಿ. ಈ ಸಲ ನಾನು ಕೂಗುವುದಿಲ್ಲ.

ನಿನ್ನ
ಜೀನಾ